ಅಳಿಸಿದ ನಗೆ, ಉಳಿಸಿದ ನಗೆ

ಕೂಡಿಡುವ ಹವ್ಯಾಸ ಮನುಷ್ಯನಷ್ಟೇ ಹಳೆಯದು. ಒಬ್ಬರು ಅಂಚೆಚೀಟಿಗಳನ್ನು ಕೂಡಿಡುತ್ತಾರೆ, ಇನ್ನೊಬ್ಬರು ಹಳೆಯ ನಾಣ್ಯಗಳನ್ನು. ಬಂದ ಲಗ್ನಪತ್ರಿಕೆಗಳಲ್ಲಿ ಒಂದನ್ನೂ ಎಸೆಯದೆ ಜೋಡಿಸಿಟ್ಟವರನ್ನೂ ನಾನು ಬಲ್ಲೆ. ನನ್ನ ಕಪಾಟಿನಲ್ಲಿ ದೈವಶಾಸ್ತ್ರದ ಗ್ರಂಥಗಳ ಕೆಳಗಿನ ಅಂತಸ್ತು ಬೇರೊಂದು ಬಗೆಯ ಸಂಗ್ರಹಕ್ಕೆ ಮೀಸಲಾಗಿದೆ. ಅಲ್ಲಿರುವುದು 1950ರಿಂದ 1980ರವರೆಗಿನ ಅಮೆರಿಕ ಮತ್ತು ಇಂಗ್ಲೆಂಡಿನ ದೂರದರ್ಶನ ಹಾಸ್ಯ ಧಾರಾವಾಹಿಗಳ ಡಿವಿಡಿ ಹಾಗೂ ಬ್ಲೂ-ರೇ ಪೆಟ್ಟಿಗೆಗಳು. ಹಳೆಯ ಫಿಲ್ಮುಗಳನ್ನು ಹುಡುಕಿ, ಧೂಳು ಒರೆಸಿ, ಗೀರುಗಳನ್ನು ತೆಗೆದು, ಧ್ವನಿಯನ್ನು ಶುದ್ಧಗೊಳಿಸಿ ಮರಳಿ ಹೊರತಂದ ಆವೃತ್ತಿಗಳು ಅವು. ವ್ಯಾಸಂಗಕ್ಕಾಗಿ ಇಂಗ್ಲೆಂಡಿನಲ್ಲಿದ್ದ ವರ್ಷಗಳಲ್ಲಿ, ದತ್ತಿ ಸಂಸ್ಥೆಗಳು ನಡೆಸುವ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಇಂಥವು ಒಂದೆರಡು ಪೌಂಡಿಗೆ ದೊರೆಯುತ್ತಿದ್ದವು. ಆಗ ಹಿಡಿದ ಗೀಳು ಇನ್ನೂ ಬಿಟ್ಟಿಲ್ಲ.

ಗುರುಮಠಕ್ಕೆ ಬರುವ ಯುವಕರು ಇವನ್ನು ಕಂಡು ನಗುತ್ತಾರೆ. "ಫಾದರ್, ಇದೆಲ್ಲ ಮೊಬೈಲಿನಲ್ಲೇ ಸಿಗುತ್ತದಲ್ಲಾ, ದುಡ್ಡು ಕೊಟ್ಟು ಯಾಕೆ ಕೊಂಡಿರಿ?" ಎಂದು ಒಬ್ಬ ಹುಡುಗ ನೇರವಾಗಿಯೇ ಕೇಳಿದ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹೇಳಬೇಕಾದರೆ ಈ ನಗೆ ನಮ್ಮವರೆಗೆ ಬಂದ ದಾರಿಯನ್ನು ಹೇಳಬೇಕಾಗುತ್ತದೆ. ಆ ದಾರಿ ಸುಗಮವಾಗಿರಲಿಲ್ಲ.

'ಐ ಲವ್ ಲೂಸಿ' ಎಂಬ ಅಮೆರಿಕದ ಧಾರಾವಾಹಿಯ ಹೆಸರನ್ನು ಹಿರಿಯ ಓದುಗರು ಕೇಳಿರಬಹುದು. 1951ರ ಅಕ್ಟೋಬರ್ 15ರಂದು ಸಿಬಿಎಸ್ ವಾಹಿನಿಯಲ್ಲಿ ಅದು ಆರಂಭವಾಯಿತು. 1957ರವರೆಗೆ 180 ಕಂತುಗಳು ಪ್ರಸಾರವಾದವು. ಆ ಕಾಲದಲ್ಲಿ ಹೆಚ್ಚಿನ ಕಾರ್ಯಕ್ರಮಗಳು ನ್ಯೂಯಾರ್ಕಿನಿಂದ ನೇರವಾಗಿ ಪ್ರಸಾರವಾಗುತ್ತಿದ್ದವು. ಪ್ರತಿ ಬೇಕೆನಿಸಿದರೆ ದೂರದರ್ಶನದ ಪರದೆಯ ಮುಂದೆಯೇ ಸಿನಿಮಾ ಕ್ಯಾಮೆರಾ ಇಟ್ಟು ಚಿತ್ರೀಕರಿಸಿಕೊಳ್ಳುತ್ತಿದ್ದರು. ಕಿನೆಸ್ಕೋಪ್ ಎಂದು ಕರೆಯುತ್ತಿದ್ದ ಆ ಪ್ರತಿಗಳು ಮಂಜಿನೊಳಗಿನ ಮುಖಗಳಂತೆ ಮಸುಕಾಗಿರುತ್ತಿದ್ದವು. ನಟಿ ಲೂಸಿಲ್ ಬಾಲ್ ಮತ್ತು ಆಕೆಯ ಪತಿ ಡೆಸಿ ಅರ್ನಾಜ್ ಹಾಲಿವುಡ್ಡನ್ನು ಬಿಟ್ಟು ನ್ಯೂಯಾರ್ಕಿಗೆ ಹೋಗಲು ಒಪ್ಪಲಿಲ್ಲ. ಅದರ ಬದಲಿಗೆ ಪ್ರೇಕ್ಷಕರನ್ನು ಎದುರಿಗೆ ಕುಳ್ಳಿರಿಸಿ, ಮೂರು ಕ್ಯಾಮೆರಾಗಳಿಂದ, ಸಿನಿಮಾಕ್ಕೆ ಬಳಸುವ 35 ಮಿಲಿಮೀಟರ್ ಫಿಲ್ಮಿನಲ್ಲಿ ಚಿತ್ರೀಕರಿಸುವುದಾಗಿ ಹೇಳಿದರು. ಇದು ದುಬಾರಿ ಏರ್ಪಾಡು. ಖರ್ಚನ್ನು ಸರಿದೂಗಿಸಲು ತಮ್ಮ ಸಂಭಾವನೆಯಲ್ಲಿ ಕಡಿತವನ್ನು ಒಪ್ಪಿಕೊಂಡು, ಪ್ರತಿಯಾಗಿ ಫಿಲ್ಮುಗಳ ಒಡೆತನವನ್ನು ತಮ್ಮ ಸಂಸ್ಥೆಗೆ ಉಳಿಸಿಕೊಂಡರು. ಜರ್ಮನಿಯಲ್ಲಿ 'ಮೆಟ್ರೊಪೊಲಿಸ್' ಎಂಬ ಪ್ರಖ್ಯಾತ ಮೂಕಚಿತ್ರಕ್ಕೆ ಕ್ಯಾಮೆರಾ ಹಿಡಿದಿದ್ದ ಕಾರ್ಲ್ ಫ್ರಾಯಿಂಡ್ ಛಾಯಾಗ್ರಹಣದ ಹೊಣೆ ಹೊತ್ತರು. ಇಂದು ಅದರ ಪುನರುಜ್ಜೀವಿತ ಆವೃತ್ತಿಯನ್ನು ನೋಡುವಾಗ ಲೂಸಿಯ ಕಣ್ಣಿನ ಮಿಂಚು ಕೂಡ ನಿಚ್ಚಳವಾಗಿ ಕಾಣುವುದಕ್ಕೆ ಈ ತೀರ್ಮಾನವೇ ಕಾರಣ.

ಆದರೆ ಅದೇ ಧಾರಾವಾಹಿಯ ಮಾದರಿ ಕಂತು ದಶಕಗಳ ಕಾಲ ಕಾಣೆಯಾಗಿತ್ತು. 1951ರ ಆರಂಭದಲ್ಲಿ ಪ್ರಾಯೋಜಕರಿಗೆ ತೋರಿಸಲೆಂದು ತಯಾರಿಸಿದ ಕಂತು ಅದು. ಅದರಲ್ಲಿ ಪೆಪಿಟೊ ಪೆರೆಸ್ ಎಂಬ ವಿದೂಷಕ ನಟಿಸಿದ್ದರು; ಅವರಿಗೊಂದು ಪ್ರತಿ ದೊರೆತಿತ್ತು. ಅವರು ತೀರಿಕೊಂಡ ಎಷ್ಟೋ ವರ್ಷಗಳ ನಂತರ ಅವರ ಪತ್ನಿಯ ಬಳಿ ಆ ಪ್ರತಿ ಪತ್ತೆಯಾಗಿ, 1990ರಲ್ಲಿ ಸಿಬಿಎಸ್ ಅದನ್ನು ಪ್ರಸಾರ ಮಾಡಿತು. ದೊಡ್ಡ ಸಂಸ್ಥೆಯ ಉಗ್ರಾಣದಲ್ಲಿ ಉಳಿಯದಿದ್ದದ್ದು ಒಬ್ಬ ವಿದೂಷಕನ ಮನೆಯಲ್ಲಿ ಉಳಿದಿತ್ತು.

ಇಂಗ್ಲೆಂಡಿನ ಕಥೆ ಇದಕ್ಕಿಂತ ಕಠಿಣ. ಅಲ್ಲಿ ಬಹುಪಾಲು ಹಾಸ್ಯ ಕಾರ್ಯಕ್ರಮಗಳನ್ನು ವಿಡಿಯೋ ಟೇಪಿನಲ್ಲಿ ಮುದ್ರಿಸಿಕೊಳ್ಳುತ್ತಿದ್ದರು. ಎರಡು ಅಂಗುಲ ಅಗಲದ ಆ ಟೇಪು ಬಹಳ ದುಬಾರಿ. ಆದರೆ ಅದನ್ನು ಅಳಿಸಿ ಮತ್ತೆ ಬಳಸಬಹುದಾಗಿತ್ತು, ನಾವು ಸ್ಲೇಟು ಒರೆಸಿ ಬರೆಯುತ್ತಿದ್ದೆವಲ್ಲ, ಹಾಗೆ. ಕಲಾವಿದರ ಸಂಘದೊಂದಿಗಿನ ಒಪ್ಪಂದದ ಪ್ರಕಾರ ಮರುಪ್ರಸಾರಕ್ಕೂ ಮಿತಿಯಿತ್ತು. ಮುಂದೊಂದು ದಿನ ಜನರು ಇವನ್ನು ಕೊಂಡು ಮನೆಯಲ್ಲಿಟ್ಟುಕೊಳ್ಳುತ್ತಾರೆಂದು ಯಾರೂ ಎಣಿಸಿರಲಿಲ್ಲ. ಹೀಗಾಗಿ ಬಿಬಿಸಿ ಸಂಸ್ಥೆ ಸಾವಿರಾರು ಗಂಟೆಗಳ ಕಾರ್ಯಕ್ರಮಗಳನ್ನು ಅಳಿಸಿಹಾಕಿತು. ಪೀಟರ್ ಕುಕ್ ಮತ್ತು ಡಡ್ಲಿ ಮೂರ್ ಎಂಬ ಹಾಸ್ಯ ಜೋಡಿಯ 'ನಾಟ್ ಓನ್ಲಿ ಬಟ್ ಆಲ್ಸೋ' ಕಾರ್ಯಕ್ರಮದ ಹೆಚ್ಚಿನ ಭಾಗ ಹಾಗೆಯೇ ಹೋಯಿತು. ಎಲ್ಲವನ್ನೂ ಜೋಪಾನವಾಗಿಡಬೇಕೆಂಬ ನೀತಿ ನೆಲೆಗೊಂಡದ್ದು 1978ರ ಹೊತ್ತಿಗೆ.

ಯಾರೂ ದ್ವೇಷದಿಂದ ಅಳಿಸಿದ್ದಲ್ಲ ಎಂಬುದನ್ನು ಗಮನಿಸಬೇಕು. ಜಾಗ ಇರಲಿಲ್ಲ, ಹಣ ಇರಲಿಲ್ಲ, ಇದು ಕೇವಲ ನಗೆಯಾಟ ಎಂಬ ಭಾವನೆ ಇತ್ತು. ರಾಜರ ಪಟ್ಟಾಭಿಷೇಕವನ್ನು ಕಾಪಾಡಬೇಕೆಂದು ಎಲ್ಲರಿಗೂ ತೋಚುತ್ತದೆ. ದಿನವಿಡೀ ದುಡಿದು ಬಂದ ಕುಟುಂಬವೊಂದು ಊಟಕ್ಕೆ ಮೊದಲು ಅರ್ಧ ಗಂಟೆ ಕೂಡಿ ನಕ್ಕದ್ದನ್ನು ಕಾಪಾಡಬೇಕೆಂದು ಯಾರಿಗೆ ತೋಚೀತು? ದುಃಖಕ್ಕೆ ಸ್ಮಾರಕಗಳಿವೆ, ವಿಜಯಕ್ಕೆ ಸ್ತಂಭಗಳಿವೆ. ನಗೆಯನ್ನು ಮಾತ್ರ ಬಾಡುವ ಹೂವಿನಂತೆ ಕಂಡು ಬಿಟ್ಟುಬಿಡುತ್ತೇವೆ.

ಈ ನಷ್ಟದ ನಡುವೆಯೂ ಮನಸ್ಸನ್ನು ತಟ್ಟುವ ಪ್ರಸಂಗಗಳಿವೆ. 'ಡ್ಯಾಡ್ಸ್ ಆರ್ಮಿ' ಎಂಬುದು 1968ರಿಂದ 1977ರವರೆಗೆ 80 ಕಂತುಗಳಲ್ಲಿ ಬಂದ ಬಿಬಿಸಿ ಧಾರಾವಾಹಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಡಲತೀರದ ಊರೊಂದನ್ನು ಕಾಯಲು ಮುಂದಾದ ಸ್ವಯಂಸೇವಕ ದಳದ ಕಥೆ ಅದು. ದಳದಲ್ಲಿ ಬಹುಪಾಲು ಮಂದಿ ವಯಸ್ಸಾದವರು. ಬ್ಯಾಂಕ್ ಮ್ಯಾನೇಜರೇ ಅವರ ಕ್ಯಾಪ್ಟನ್. ಕಸಾಯಿಯೊಬ್ಬ, ಹೆಣದ ಪೆಟ್ಟಿಗೆ ಮಾಡುವವನೊಬ್ಬ, ಸದಾ ಶೌಚಾಲಯದ ಚಿಂತೆಯ ವೃದ್ಧನೊಬ್ಬ ಅವರ ಸೈನಿಕರು. ಬರೆದ ಇಬ್ಬರಲ್ಲಿ ಒಬ್ಬರಾದ ಜಿಮ್ಮಿ ಪೆರ್ರಿ ತಾವೇ ಹದಿಹರೆಯದಲ್ಲಿ ಅಂಥ ದಳದಲ್ಲಿದ್ದವರು. 1969ರಲ್ಲಿ ಪ್ರಸಾರವಾದ ಎರಡನೆಯ ಸರಣಿಯ ಕೆಲವು ಕಂತುಗಳು ಅಳಿಸಿಹೋಗಿದ್ದವು. ಅವುಗಳಲ್ಲಿ ಎರಡು 2001ರಲ್ಲಿ ಮರಳಿ ದೊರೆತವು. ಸ್ಟುಡಿಯೋವೊಂದರ ಕಸದ ತೊಟ್ಟಿಯಿಂದ ಎತ್ತಿ ತಂದ ಫಿಲ್ಮಿನ ಡಬ್ಬಿಗಳು ಮನೆಯ ತೋಟದ ಶೆಡ್ಡಿನಲ್ಲಿ ಎಷ್ಟೋ ವರ್ಷ ಬಿದ್ದಿದ್ದವು. ಮೂರು ಕಂತುಗಳ ಚಿತ್ರ ಇನ್ನೂ ಪತ್ತೆಯಾಗಿಲ್ಲ. ಅವುಗಳಲ್ಲಿ ಒಂದರ ಧ್ವನಿ ಮಾತ್ರ ಸಿಕ್ಕಿದ್ದರಿಂದ 2016ರಲ್ಲಿ ಆ ಧ್ವನಿಗೆ ಚಲಿಸುವ ಚಿತ್ರಗಳನ್ನು ಬರೆದು ಜೋಡಿಸಿದರು.

ಇನ್ನೊಂದು ಕಂತಿನದು ವಿಸ್ಮಯದ ಸಂಗತಿ. ಬಣ್ಣದಲ್ಲಿ ತಯಾರಾಗಿದ್ದ ಅದರ ಕಪ್ಪು-ಬಿಳುಪು ಫಿಲ್ಮ್ ಪ್ರತಿಯೊಂದೇ ಉಳಿದಿತ್ತು. ಬಣ್ಣದ ಸಂಕೇತವಿದ್ದ ಪರದೆಯನ್ನು ಕಪ್ಪು-ಬಿಳುಪು ಫಿಲ್ಮಿಗೆ ಇಳಿಸಿಕೊಳ್ಳುವಾಗ ಆ ಸಂಕೇತವು ಅತಿಸೂಕ್ಷ್ಮ ಚುಕ್ಕೆಗಳಾಗಿ ಚಿತ್ರದಲ್ಲಿ ಉಳಿದುಕೊಂಡಿತ್ತು. ಮೊದಲು ಅದನ್ನು ಒಂದು ದೋಷವೆಂದೇ ಎಣಿಸಿದ್ದರು. ತಜ್ಞರು ಕಂಪ್ಯೂಟರಿನ ನೆರವಿನಿಂದ ಆ ಚುಕ್ಕೆಗಳನ್ನು ಓದಿ ಮೂಲ ಬಣ್ಣವನ್ನು ಮರಳಿ ಪಡೆದರು. 2008ರ ಡಿಸೆಂಬರಿನಲ್ಲಿ ಆ ಕಂತು ಬಣ್ಣದಲ್ಲಿ ಮರುಪ್ರಸಾರವಾಯಿತು. ಅದು ಹೊಸದಾಗಿ ಬಳಿದ ಬಣ್ಣವಲ್ಲ, ಸುಮಾರು ನಾಲ್ಕು ದಶಕ ಅದರೊಳಗೇ ಅಡಗಿದ್ದ ಬಣ್ಣ. ಈ ಪ್ರಸಂಗವನ್ನು ನೆನೆದಾಗಲೆಲ್ಲ ನನಗೆ ಮನುಷ್ಯರೇ ನೆನಪಾಗುತ್ತಾರೆ. ಬಣ್ಣಗೆಟ್ಟಂತೆ ಕಾಣುವ ಎಷ್ಟೋ ಬದುಕುಗಳಲ್ಲಿ, ನಾವು ದೋಷವೆಂದು ಎಣಿಸುವ ಚುಕ್ಕೆಗಳಲ್ಲೇ ಮೊದಲಿನ ಬಣ್ಣದ ಗುರುತು ಉಳಿದಿರಬಹುದಲ್ಲವೇ?

ಪುನರುಜ್ಜೀವನ ಎಂದು ಹೊದಿಕೆಯ ಮೇಲೆ ಮುದ್ರಿಸಿದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಲ್ಲ. ಧೂಳು ತೆಗೆಯುವ ಉತ್ಸಾಹದಲ್ಲಿ ಮುಖದ ಸುಕ್ಕುಗಳನ್ನೂ ಒರೆಸಿ ಮೇಣದ ಬೊಂಬೆ ಮಾಡಿದ ಆವೃತ್ತಿಗಳಿವೆ. ಇಂದಿನ ಅಗಲ ಪರದೆಗೆ ಹೊಂದಿಸಲು ಚೌಕಾಕಾರದ ಚಿತ್ರದ ಮೇಲುಗಡೆ ತಲೆಯನ್ನೂ ಕೆಳಗಡೆ ಪಾದವನ್ನೂ ಕತ್ತರಿಸಿದವುಗಳಿವೆ. ಮರುಪ್ರಸಾರದ ವೇಳೆ ಹೆಚ್ಚು ಜಾಹೀರಾತು ಸೇರಿಸಲೆಂದು ಮೊಟಕುಗೊಳಿಸಿದ ಕಂತುಗಳನ್ನೇ ಹಾಗೆಯೇ ಮಾರಿದವುಗಳೂ ಇವೆ. 'ಡಬ್ಲ್ಯುಕೆಆರ್‌ಪಿ ಇನ್ ಸಿನ್ಸಿನಾಟಿ' ಎಂಬ ಅಮೆರಿಕದ ಧಾರಾವಾಹಿಯ ಕಥೆ ನಡೆಯುವುದೇ ಒಂದು ರೇಡಿಯೋ ಕೇಂದ್ರದಲ್ಲಿ. ಹಾಡುಗಳ ಹಕ್ಕು ದುಬಾರಿಯೆಂದು 2007ರ ಡಿವಿಡಿಯಲ್ಲಿ ಮೂಲ ಹಾಡುಗಳಲ್ಲಿ ಅನೇಕವನ್ನು ತೆಗೆದು ಬೇರೆ ಸಂಗೀತ ತುಂಬಿದರು. ಹೆಚ್ಚಿನವು ಮರಳಿ ಸೇರಿದ್ದು 2014ರ ಆವೃತ್ತಿಯಲ್ಲಿ. ಆದುದರಿಂದ ಕೊಳ್ಳುವ ಮುನ್ನ ಕಂತಿನ ಅವಧಿ, ಚಿತ್ರದ ಆಕಾರ, ಮೂಲ ಸಂಗೀತ ಈ ಮೂರನ್ನೂ ವಿಚಾರಿಸಬೇಕು. ಇದಲ್ಲದೆ ಪ್ರದೇಶ ಸಂಖ್ಯೆಯ ತೊಡಕೂ ಇದೆ. ಡಿವಿಡಿಗಳಲ್ಲಿ ಅಮೆರಿಕಕ್ಕೆ 1, ಇಂಗ್ಲೆಂಡಿಗೆ 2, ಭಾರತಕ್ಕೆ 5 ಎಂದು ವಿಂಗಡಿಸಿದ್ದಾರೆ. ಎಲ್ಲ ಪ್ರದೇಶಗಳ ಡಿಸ್ಕನ್ನೂ ಓದಬಲ್ಲ ಪ್ಲೇಯರ್ ಇಲ್ಲದಿದ್ದರೆ ತಂದದ್ದು ವ್ಯರ್ಥ.

ಪ್ರಾಮಾಣಿಕ ಪುನರುಜ್ಜೀವನವು ಹಳೆಯ ಕಾಲದ ಕುಂದುಗಳನ್ನೂ ಮರಳಿ ತರುತ್ತದೆ. 'ಐ ಲವ್ ಲೂಸಿ'ಯ ಮೂಲ ಪ್ರಾಯೋಜಕರು ಸಿಗರೇಟು ಕಂಪನಿಯವರು. ಸಿಗರೇಟು ಪ್ಯಾಕಿನೊಂದಿಗೆ ಗೆರೆಚಿತ್ರದ ಗಂಡ ಹೆಂಡತಿ ಆಡುವ ಆರಂಭದ ದೃಶ್ಯವನ್ನು ಮರುಪ್ರಸಾರದಲ್ಲಿ ಬಿಟ್ಟು, ಹೃದಯದ ಚಿತ್ರವನ್ನು ಸೇರಿಸಿದ್ದರು. ಹೊಸ ಆವೃತ್ತಿಗಳಲ್ಲಿ ಮೂಲವೂ ಮರಳಿದೆ. 1955-56ರ 'ದಿ ಹನಿಮೂನರ್ಸ್' ಧಾರಾವಾಹಿಯ ಬಸ್ ಚಾಲಕ ರಾಲ್ಫ್, ಸಿಟ್ಟು ಬಂದಾಗಲೆಲ್ಲ ಹೆಂಡತಿಯತ್ತ ಮುಷ್ಟಿ ಎತ್ತುತ್ತಾನೆ. ಅವನು ಹೊಡೆಯುವುದಿಲ್ಲ, ಕೊನೆಗೆ ಸೋತು ತಬ್ಬಿಕೊಳ್ಳುತ್ತಾನೆ, ನಿಜ. ಆದರೂ ಮುಷ್ಟಿ ಎತ್ತುವ ಗಂಡಂದಿರ ಮನೆಗಳಿಗೆ ಸಮಾಧಾನ ಹೇಳಲು ಹೋಗಿಬಂದವನಿಗೆ ಆ ದೃಶ್ಯದಲ್ಲಿ ನಗೆ ಬರುವುದಿಲ್ಲ. ಅದನ್ನು ಕತ್ತರಿಸಬೇಕೆಂದು ನಾನು ಹೇಳಲಾರೆ. ಮಕ್ಕಳೊಡನೆ ಕುಳಿತು ನೋಡಿ, ಅಂದಿನವರು ಯಾವುದಕ್ಕೆ ನಕ್ಕರು, ನಾವೇಕೆ ನಗಲಾರೆವು ಎಂದು ಮಾತಾಡಿಕೊಳ್ಳುವುದು ಮೇಲು. ಯಾವುದಕ್ಕೆ ನಗಬೇಕೆಂಬುದನ್ನೂ ಮನುಷ್ಯ ಕಲಿಯಬೇಕಾಗುತ್ತದೆ.

ಇಷ್ಟೆಲ್ಲ ಶ್ರಮದ ಫಲವೇನೆಂದು ನಾನು ಕಣ್ಣಾರೆ ಕಂಡದ್ದು ನಿವೃತ್ತ ಗುರುಗಳ ನಿವಾಸದಲ್ಲಿ. ಅಲ್ಲಿ ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡಿದ್ದ ಹಿರಿಯ ಗುರುಗಳೊಬ್ಬರಿದ್ದರು. ಅವರ ದೃಷ್ಟಿಯೂ ಮಂದವಾಗಿತ್ತು. ಭೇಟಿಗೆ ಬಂದವರೆಲ್ಲ ಮೆಲುದನಿಯಲ್ಲಿ ಸಮಾಧಾನ ಹೇಳಿ ಹೋಗುತ್ತಿದ್ದರು. ಒಂದು ಸಂಜೆ ನಾನು ಲೂಸಿಯ ಡಿಸ್ಕ್ ಹಾಕಿದೆ. 1952ರಲ್ಲಿ ಪ್ರಸಾರವಾದ ಚಾಕೊಲೇಟ್ ಕಾರ್ಖಾನೆಯ ಕಂತು ಅದು. ಚಲಿಸುವ ಪಟ್ಟಿಯ ಮೇಲೆ ಬರುವ ಚಾಕೊಲೇಟುಗಳನ್ನು ಕಾಗದದಲ್ಲಿ ಸುತ್ತುವ ಕೆಲಸ ಲೂಸಿಗೆ ಮತ್ತು ಅವಳ ಗೆಳತಿಗೆ. ಪಟ್ಟಿ ವೇಗವಾಗುತ್ತದೆ, ಸುತ್ತಲಾಗದೆ ಬಾಯಿಗೆ, ಟೋಪಿಗೆ, ರವಿಕೆಯೊಳಗೆ ತುರುಕತೊಡಗುತ್ತಾರೆ. ಅದಕ್ಕೆ ಭಾಷೆ ಬೇಕಿಲ್ಲ. ಮೊದಲು ಆ ಹಿರಿಯರ ಭುಜ ಅಲುಗಿತು. ನಂತರ ಗಂಟಲಿನಿಂದ ಒಂದು ಸದ್ದು ಹೊರಟಿತು. ಅವರು ನಗುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಸಿಸ್ಟರ್ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಸುಕಾದ ಹಳೆಯ ಪ್ರತಿಯಾಗಿದ್ದರೆ ಆ ಮಂದ ದೃಷ್ಟಿಗೆ ಲೂಸಿಯ ಉಬ್ಬಿದ ಕೆನ್ನೆ ಕಾಣುತ್ತಿರಲಿಲ್ಲ. ಎಲ್ಲಿಯೋ ಯಾರೋ ಒಂದೊಂದು ಚಿತ್ರದ ಧೂಳನ್ನೂ ತಾಳ್ಮೆಯಿಂದ ತೆಗೆದಿದ್ದರು. ಅದು ಅಂದು ಸಾರ್ಥಕವಾಯಿತು.

ಹುಡುಗನ ಪ್ರಶ್ನೆಗೆ ಇದೇ ನನ್ನ ಉತ್ತರ. ಮೊಬೈಲಿನಲ್ಲಿ ಬರುವುದು ಒಪ್ಪಂದದ ಅವಧಿ ಮುಗಿದ ದಿನ ಹೇಳದೆ ಕೇಳದೆ ಮಾಯವಾಗಬಹುದು. ಕಪಾಟಿನಲ್ಲಿದ್ದುದನ್ನು ಬೇಕಾದವರ ಬಳಿಗೆ ಒಯ್ಯಬಹುದು. ಆದರೆ ಬೀಗ ಹಾಕಿದ ಸಂಗ್ರಹವೂ ಅಳಿಸಿದ ಟೇಪಿಗೆ ಸಮಾನವೇ. ಆದುದರಿಂದ ಪ್ರತಿ ವರ್ಗಾವಣೆಯ ವೇಳೆಗೆ ಒಂದೆರಡು ಪೆಟ್ಟಿಗೆಗಳನ್ನು ಆ ಊರಿನ ಯಾರಿಗಾದರೂ ಕೊಟ್ಟು ಬರುತ್ತೇನೆ. ಸಾಮಾನೂ ಹಗುರಾಗುತ್ತದೆ, ನಗೆಯೂ ಹಂಚಿಹೋಗುತ್ತದೆ.

ಪ್ರಿಯ ಓದುಗರೇ, ನಿಮ್ಮ ಮನೆಯ ಅಟ್ಟದ ಮೇಲೂ ಹಳೆಯ ವಿಎಚ್‌ಎಸ್ ಕ್ಯಾಸೆಟ್ಟುಗಳಿರಬಹುದು. ಮದುವೆ, ನಾಮಕರಣ, ಪ್ರಥಮ ಪರಮಪ್ರಸಾದ, ಹಬ್ಬದ ನಾಟಕ. ಮಳೆಗಾಲದ ತೇವಕ್ಕೆ ಟೇಪಿನ ಮೇಲೆ ಬೂಷ್ಟು ಹಿಡಿಯುತ್ತದೆ, ಅವನ್ನು ಓಡಿಸುವ ಯಂತ್ರಗಳೂ ಅಪರೂಪವಾಗಿವೆ. ಗುಜರಿಗೆ ಹಾಕುವ ಮುನ್ನ ಒಮ್ಮೆ ಡಿಜಿಟಲ್ ಪ್ರತಿ ಮಾಡಿಸಿ, ಎರಡು ಕಡೆ ಇಡಿ, ಯಾವ ವರ್ಷದ್ದು, ಯಾರಿದ್ದಾರೆ ಎಂದು ಬರೆದಿಡಿ. ವಿಧಿವಿಧಾನಗಳ ದೃಶ್ಯಗಳಿಗಿಂತ ಪಂಕ್ತಿಯಲ್ಲಿ ಕುಳಿತು ಕ್ಯಾಮೆರಾ ಕಂಡು ನಾಚಿ ನಗುವ ಅಜ್ಜಿಯ ಆ ನಾಲ್ಕು ಕ್ಷಣಗಳು ನಾಳೆ ಮೊಮ್ಮಕ್ಕಳಿಗೆ ಹೆಚ್ಚು ಬೇಕಾದೀತು. ಕಸದ ತೊಟ್ಟಿಯಿಂದ ಫಿಲ್ಮಿನ ಡಬ್ಬಿ ಎತ್ತಿ ತಂದವರಿಗೆ ಅದರ ಬೆಲೆ ಅಂದೇ ಗೊತ್ತಿದ್ದಿರಲಾರದು. ಎಸೆಯಲು ಮನಸ್ಸಾಗಲಿಲ್ಲ, ಅಷ್ಟೇ. ಅಂಥ ಮನಸ್ಸು ನಮ್ಮ ಮನೆಗಳಲ್ಲಿಯೂ ಉಳಿಯಲಿ.