ಙ ಅಂದ್ರೆ ನಾನು

ಕನ್ನಡ ವರ್ಣಮಾಲೆಯಲ್ಲಿ ಕೆಲಸವೇ ಇಲ್ಲದ ಅಕ್ಷರ ಅಂದ್ರೆ, ಪಾಪ, ಙ. ಕಖಗಘ ಹೇಳುವಾಗ ಬಿಟ್ಟರೆ ಮತ್ತೆ ಅದರ ಮುಖ ನೋಡೋದು ಅಪರೂಪ. ಆದರೆ ನಮ್ಮ ಜಿಲ್ಲೆಯಲ್ಲೇ, ಮುಂಡಗೋಡದಲ್ಲಿ, ಸಾವಿರಾರು ಜನ ದಿನವಿಡೀ ಙ ಅಂತಾನೇ ಮಾತು ಶುರು ಮಾಡ್ತಾರೆ. ಟಿಬೆಟನ್ ಭಾಷೆಯಲ್ಲಿ ಙ ಅಂದ್ರೆ ನಾನು.

ನಾವು ನಾಲ್ವರು ರೂಮ್‌ಮೇಟ್‌ಗಳು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ: ತಾಲೂಕಿಗೊಬ್ಬರು. ಮನೆಯಲ್ಲಿ ಉರ್ದು, ಮರಾಠಿ, ಕೊಂಕಣಿ, ಕನ್ನಡ; ಓದಿದ್ದು ಎಲ್ಲರೂ ಇಂಗ್ಲಿಷ್ ಮೀಡಿಯಂ; ರೂಮಿನಲ್ಲಿ ಮಾತ್ರ ಕನ್ನಡ. ಕಳೆದ ಸೆಮಿಸ್ಟರ್‌ನಲ್ಲಿ, ಮುಂಡಗೋಡದ ಟಿಬೆಟನ್ ಕ್ಯಾಂಪಿನಿಂದ ಬಂದ ಕ್ಲಾಸ್‌ಮೇಟ್ ಹತ್ತಿರ, ರಾತ್ರಿ ಊಟ ಆದಮೇಲೆ ಅರ್ಧ ಗಂಟೆ ಟಿಬೆಟನ್ ಕಲಿಯೋಕೆ ಕೂತ್ವಿ.

ಮೊದಲ ವಾರ ಸಲೀಸು. 'ಙ ಛಾ ಥುಂಗ್ ಗಿ ಯೋ' ಅಂದ್ರೆ 'ನಾನು ಚಹಾ ಕುಡೀತಾ ಇದ್ದೀನಿ'. ಪದಗಳ ಸಾಲು ಹಾಗೇ ನಮ್ಮದೇ, ಕ್ರಿಯಾಪದ ಕೊನೆಗೆ. ಗೌರವಕ್ಕೆ ಕೊನೆಯಲ್ಲಿ 'ಲಾ' ಸೇರಿಸ್ತಾರೆ. ನಮ್ಮ ಹಳಿಯಾಳದ 'ರೀ' ಇದ್ದ ಹಾಗೆ. ಮೇಷ್ಟ್ರು 'ಗೆನ್ ಲಾ'. ಲಿಪಿಯಲ್ಲೂ ಒತ್ತಕ್ಷರ ಇದೆ. ಬ್ರಾಹ್ಮಿಯಿಂದ ಬಂದ ಲಿಪಿ, ಅಂದ್ರೆ ನಮ್ಮ ಲಿಪಿಯ ದಾಯಾದಿ.

ಎರಡನೇ ವಾರ ಶುರುವಾಯ್ತು ಕಷ್ಟ. ಐದಕ್ಕೂ 'ಙ'ನೇ; ದನಿ ಏರಿಸಿದ್ರೆ ಐದು, ಇಳಿಸಿದ್ರೆ ನಾನು. ಎಂಟು ಅಂತ ಬರೆಯೋಕೆ ಬ, ರ, ಗ, ಯ, ದ ಎಲ್ಲ ಬೇಕು. ಓದೋದು ಮಾತ್ರ 'ಗ್ಯೆ'.

ನಾವು ಗೊಣಗಿದಾಗ ಅವನು ಮೊಂಗೋಲಿಯಾದ ಹುಡುಗರ ವಿಷಯ ಹೇಳಿದ. ಲಾಸಾ ಹತ್ತಿರ 1416ರಲ್ಲಿ ಹುಟ್ಟಿದ ಡ್ರೆಪುಂಗ್ ಮಠ ಈಗ ಮುಂಡಗೋಡದಲ್ಲೂ ಇದೆ. ಅದರ ಗೋಮಾಂಗ್ ವಿಭಾಗಕ್ಕೆ ಮೊಂಗೋಲಿಯಾದಿಂದ ಓದೋಕೆ ಬರ್ತಾರೆ. ಮನೆ ಭಾಷೆಯೇ ಬೇರೆ, ಆದರೆ ಪಾಠ ಟಿಬೆಟನ್‌ನಲ್ಲಿ. ಪರೀಕ್ಷೆ ಅಂದ್ರೆ ಬರೀ ಬರೆಯೋದಲ್ಲ, ವಾದ: ಒಬ್ಬ ನಿಂತು ಚಪ್ಪಾಳೆ ತಟ್ಟಿ ಪ್ರಶ್ನೆ ಎಸೀತಾನೆ, ಕೂತವನು ಅಲ್ಲೇ ಉತ್ತರ ಕೊಡಬೇಕು. ನಮ್ಮ ವೈವಾ ಇದರ ಮುಂದೆ ಏನೂ ಅಲ್ಲ. ಸಂತೆಗೆ ಹೋದರೆ ಅವರಿಗೆ ಕನ್ನಡವೂ ಬೇಕು.

'ನಿಂಗೆ ಕನ್ನಡ ಇಷ್ಟು ಚೆನ್ನಾಗಿ ಬರುತ್ತಲ್ಲ, ಟಿಬೆಟನ್ ಯಾಕೆ ಅಷ್ಟು ಹಟ ಹಿಡಿದು ಬರೀತೀಯ?' ಅಂತ ಕೇಳಿದ್ವಿ. ಅವರ ಕಾಲೋನಿ ಶುರುವಾಗಿದ್ದು 1966ರಲ್ಲಿ. ಅವನೂ ಅವನಪ್ಪನೂ ಹುಟ್ಟಿದ್ದು ಇಲ್ಲೇ; ಇಬ್ಬರೂ ಲಾಸಾ ನೋಡಿಲ್ಲ. ಅವನಂದ: 'ನೀವು ನಾಲ್ಕು ಜನ ಕನ್ನಡ ಓದೋದು ಬಿಟ್ರೂ ಕನ್ನಡಕ್ಕೆ ಊರಿದೆ. ನಮಗೆ ಊರು ಇರೋದೇ ಭಾಷೆಯಲ್ಲಿ.'

ಯಾರೂ ತಕ್ಷಣ ಮಾತಾಡಲಿಲ್ಲ. ಆಮೇಲೆ ನಮ್ಮ ಜೋಯಿಡಾದವನು ತನ್ನ ಅಜ್ಜಿ ಬಗ್ಗೆ ಹೇಳಿದ. ಕಾಡಿನ ಗೆಡ್ಡೆಗೆಣಸು ಒಂದೊಂದಕ್ಕೂ ಅಜ್ಜಿ ಬಾಯಲ್ಲಿ ಒಂದೊಂದು ಹೆಸರಿದೆಯಂತೆ. ಇವನಿಗೆ ಬರೋದು ಮೂರು. ಅಜ್ಜಿಯ ಕೊಂಕಣಿಗೆ ಊರಿದೆ, ಕಾಡಿದೆ. ಆದರೂ ಆ ಹೆಸರುಗಳು ಮೊಮ್ಮಗನ ತನಕ ಬಂದಿಲ್ಲ. ಊರಿದ್ರೆ ಸಾಕು ಅನ್ನೋ ಮಾತು ಅಲ್ಲಿಗೇ ನಿಂತಿತು.

ಈ ದೀಪಾವಳಿ ರಜೆಗೆ ಐದೂ ಜನ ಜೋಯಿಡಾಕ್ಕೆ ಹೋಗ್ತಿದ್ದೀವಿ. ಅಜ್ಜಿ ಹೇಳ್ತಾರೆ, ನಾವು ಕನ್ನಡ ಅಕ್ಷರದಲ್ಲಿ ಬರ್ಕೋತೀವಿ. ನಮ್ಮ ಗೆನ್ ಲಾ ಟಿಬೆಟನ್‌ನಲ್ಲೂ ಬರೀತಾನಂತೆ.