ಮೂರು ಕೋವಿಗಳು

ಕೋವಿಯನ್ನು ಆರಿಸುವುದೂ ಒಂದೇ, ಹೆಣ್ಣನ್ನು ನೋಡಿ ಒಪ್ಪುವುದೂ ಒಂದೇ ಎಂದು ನಮ್ಮ ಸೋದರಮಾವನವರು ಹೇಳುತ್ತಿದ್ದರು. ಆಗ ಅಡುಗೆಮನೆಯಿಂದ ಅತ್ತೆಯವರು, “ಕೋವಿಯನ್ನಾದರೋ ಮೂರು ಸಲ ಆರಿಸಿಕೊಂಡಿರಿ!” ಎನ್ನುವರು. ಮಾವನವರು ನಕ್ಕು ಸುಮ್ಮನಾಗುವರು.

ಅವರ ಮನೆ ವರ್ತೂರಿಗೂ ವೈಟ್‌ಫೀಲ್ಡಿಗೂ ನಡುವೆ. ವೈಟ್‌ಫೀಲ್ಡ್, 1882ರಲ್ಲಿ ಮೈಸೂರಿನ ಮಹಾರಾಜ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರಿಗೆ ದಯಪಾಲಿಸಿದ ಭೂಮಿಯಲ್ಲಿ ಎದ್ದ ಊರು. ಇಂದು ಗಾಜಿನ ಕಚೇರಿಗಳು ನಿಂತಿರುವೆಡೆ ಅಂದು ರಾಗಿಯೂ ಹುರುಳಿಯೂ ಬೆಳೆಯುತ್ತಿದ್ದವು. ಹೊಲದ ಬೇಲಿಗಳಲ್ಲಿ ಗೌಜಲಹಕ್ಕಿ, ಕುಯ್ಲಾದ ಹೊಲಗಳಲ್ಲಿ ಲಾವುಗೆ. ಅಲ್ಲಿನ ನಿವೃತ್ತ ರೈಲ್ವೆ ಅಧಿಕಾರಿಯೊಬ್ಬರಿಂದ ಮಾವನವರು 1964ರಲ್ಲಿ ಕೊಂಡದ್ದೇ ಇಪ್ಪತ್ತು ಬೋರಿನ ಜೋಡುನಳಿಗೆಯ ಕೋವಿ.

ಬೋರಿನ ಲೆಕ್ಕ ವಿಚಿತ್ರವಾದುದು. ಒಂದು ಪೌಂಡು ಸೀಸವನ್ನು ಹನ್ನೆರಡು ಸಮನಾದ ಗುಂಡುಗಳಾಗಿ ಮಾಡಿದರೆ, ಆ ಒಂದು ಗುಂಡು ಹಿಡಿಸುವ ನಳಿಗೆ ಹನ್ನೆರಡು ಬೋರು. ಇಪ್ಪತ್ತಾಗಿ ಮಾಡಿದರೆ ಇಪ್ಪತ್ತು ಬೋರು. ಸಂಖ್ಯೆ ಹಿರಿದಾದಷ್ಟೂ ನಳಿಗೆ ಕಿರಿದು. ಚರೆಯ ಲೆಕ್ಕವೂ ಹಾಗೆಯೇ. ಲಾವುಗೆಗೆ ಎಂಟನೆಯ ನಂಬರಿನ ಸಣ್ಣ ಚರೆ, ಗೌಜಲಹಕ್ಕಿಗೆ ಆರನೆಯ ನಂಬರಿನ ದಪ್ಪ ಚರೆ.

ಗೌಜಲಹಕ್ಕಿ ಬೇಗನೆ ಹಾರುವ ಪ್ರಾಣಿಯಲ್ಲ. ಪೊದೆಯಿಂದ ಪೊದೆಗೆ ಓಡಿ ಓಡಿ, ಕೊನೆಗೆ ಕಾಲಬುಡದಿಂದಲೇ ಬರ್ರನೆ ಏಳುತ್ತದೆ. ಅದನ್ನು ಅರಸುತ್ತ ಬೆಳಗಿನಿಂದ ಮೂರು ನಾಲ್ಕು ಮೈಲಿ ನಡೆದವನಿಗೆ ಭಾರವಾದ ಕೋವಿ ಶತ್ರು. ಅತಿ ಹಗುರವಾದರೆ ಅದರ ಒದೆತಕ್ಕೆ ಭುಜ ಬಾತುಕೊಳ್ಳುತ್ತದೆ. ಬರ್ಮಿಂಗ್‌ಹ್ಯಾಮಿನ ಪ್ರಸಿದ್ಧ ಕೋವಿಗಾರ ಗ್ರೀನರ್ ಇದಕ್ಕೊಂದು ಸೂತ್ರವನ್ನು ಹೇಳಿದ್ದಾನೆ: ಕೋವಿಯ ತೂಕ ಚರೆಯ ತೂಕದ 96 ಪಟ್ಟು ಇರಬೇಕು. 28 ಗ್ರಾಂ ಚರೆಗೆ ಸುಮಾರು 2.7 ಕಿಲೋ ಕೋವಿ. ನಳಿಗೆಯ ಬಾಯಿಯನ್ನೂ ನೋಡಬೇಕು. ಬಾಯಿ ಬಿಗಿಯಾಗಿದ್ದರೆ ನಲವತ್ತು ಗಜದಾಚೆ ಎರಡೂವರೆ ಅಡಿ ಅಗಲದ ವೃತ್ತದೊಳಗೆ ನೂರಕ್ಕೆ ಎಪ್ಪತ್ತು ಚರೆ ಬೀಳುವುವು, ಸಡಿಲವಾಗಿದ್ದರೆ ನಲವತ್ತೇ. ಹತ್ತಿರದಲ್ಲಿ ಏಳುವ ಹಕ್ಕಿಗೆ ಸಡಿಲವಾದುದೇ ಲೇಸು. ಇಷ್ಟೆಲ್ಲ ಆದಮೇಲೂ, ಕಣ್ಣುಮುಚ್ಚಿ ಭುಜಕ್ಕೇರಿಸಿ ಕಣ್ಣು ತೆರೆದಾಗ ನಳಿಗೆ ನೋಟದ ನೇರಕ್ಕೆ ನಿಲ್ಲದಿದ್ದರೆ ಆ ಕೋವಿ ನಮ್ಮದಲ್ಲ. ಮಾವನವರ ಇಪ್ಪತ್ತು ಬೋರು ಈ ಎಲ್ಲ ಪರೀಕ್ಷೆಗಳಲ್ಲಿಯೂ ಗೆದ್ದಿತ್ತು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1991ರ ತಿದ್ದುಪಡಿಯಿಂದ ಪರವಾನಗಿ ಪಡೆದು ಆಡುವ ಬೇಟೆಯೂ ಮುಗಿಯಿತು. ಅಂದಿನಿಂದ ಮಾವನವರ ಕೋವಿಗಳಿಗೆ ಉಳಿದದ್ದು ಆಯುಧಪೂಜೆಯ ಕುಂಕುಮ, ತಿಂಗಳಿಗೊಮ್ಮೆ ಎಣ್ಣೆ, ಚುನಾವಣೆ ಬಂದಾಗಲೆಲ್ಲ ಪೋಲೀಸು ಠಾಣೆಯ ವಾಸ.

2019ರ ಡಿಸೆಂಬರಿನಲ್ಲಿ ಶಸ್ತ್ರಾಸ್ತ್ರ ಕಾಯಿದೆಯ ತಿದ್ದುಪಡಿಯಾಯಿತು. ಒಬ್ಬರು ಇರಿಸಿಕೊಳ್ಳಬಹುದಾದ ಕೋವಿಗಳು ಮೂರರಿಂದ ಎರಡಕ್ಕಿಳಿದವು. ಹೆಚ್ಚಿನದನ್ನು ಒಂದು ವರ್ಷದೊಳಗೆ ಒಪ್ಪಿಸಬೇಕಾಯಿತು. ಮಾವನವರಿಗೆ ಆಗ 82 ವರ್ಷ. ಅವರ ಬಳಿ ಇದ್ದವು ಮೂರು: ತಂದೆಯವರ ಕಾಲದ ಹನ್ನೆರಡು ಬೋರಿನ ಭಾರವಾದ ಜೋಡುನಳಿಗೆ, ತೋಟದ ಕಾವಲಿನ ಒಂಟಿನಳಿಗೆ, ಮತ್ತು ಈ ಇಪ್ಪತ್ತು ಬೋರು. ಸಾಫ್ಟ್‌ವೇರ್ ಕಂಪನಿಯಲ್ಲಿರುವ ಮಗ ಕ್ಷಣದಲ್ಲಿ ತೀರ್ಮಾನ ಹೇಳಿದ: “ಒಂಟಿನಳಿಗೆಗೆ ಬೆಲೆ ಕಡಮೆ, ಅದನ್ನು ಕೊಟ್ಟುಬಿಡಿ ಅಪ್ಪ.” ನಮಗೆಲ್ಲ ಅದೇ ಸರಿಯೆನಿಸಿತು.

ಮಾವನವರು ಒಂದು ವಾರ ಯಾರೊಡನೆಯೂ ಹೆಚ್ಚು ಮಾತನಾಡಲಿಲ್ಲ. ಆಮೇಲೆ ಇಪ್ಪತ್ತು ಬೋರನ್ನು ಚೀಲಕ್ಕೆ ತುಂಬಿ, ಪರವಾನಗಿಯ ಪುಸ್ತಕವನ್ನು ಕೈಗೆತ್ತಿಕೊಂಡರು. “ಇದೇಕೆ ಮಾವ? ನಿಮಗೆ ಪ್ರಿಯವಾದದ್ದು ಇದೇ ಅಲ್ಲವೆ?” ಎಂದೆ.

“ನೋಡಪ್ಪ, ಒಂಟಿನಳಿಗೆಗೆ ಕಾವಲು ಕೆಲಸ ಈಗಲೂ ಉಂಟು. ದೊಡ್ಡದು ನಮ್ಮಪ್ಪನದು, ಅದನ್ನು ನಾನು ಆರಿಸಿದ್ದಲ್ಲ, ಬಿಡುವ ಹಕ್ಕೂ ನನಗಿಲ್ಲ. ಇದನ್ನು ಹಕ್ಕಿಗೆಂದೇ ಆರಿಸಿದೆ. ಹಕ್ಕಿಯನ್ನು ಹೊಡೆಯಬಾರದೆಂದಾದ ಮೇಲೆ ಇದನ್ನು ಯಾವ ಕೆಲಸಕ್ಕೆಂದು ಇಟ್ಟುಕೊಳ್ಳಲಿ?”

ಬೆಲೆಯನ್ನು ನೋಡಿ ಆರಿಸುವುದು ನಮಗೆ ತಿಳಿದಿತ್ತು. ಮಮತೆಯನ್ನು ನೋಡಿ ಆರಿಸುವುದೂ ತಿಳಿದಿತ್ತು. ಕೊಂಡ ದಿನದ ನ್ಯಾಯವನ್ನೇ ಬಿಡುವ ದಿನಕ್ಕೂ ಹಚ್ಚಿದವರನ್ನು ನಾನು ಕಂಡದ್ದು ಅಂದೇ. ರಶೀದಿಯನ್ನು ಅತ್ತೆಯವರು ಮಡಿಸಿ, ಮನೆಪತ್ರಗಳ ಪೆಟ್ಟಿಗೆಯಲ್ಲಿಟ್ಟರು. ಆ ದಿನ ಅವರೂ ಹಾಸ್ಯ ಮಾಡಲಿಲ್ಲ.