ಪರದೇಶದ ವಿದ್ಯಾರ್ಥಿ

'ಪರದೇಶಿ' ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಅನ್ಯದೇಶದವನೆಂಬುದು ನಿಘಂಟಿನ ಅರ್ಥ. ದಿಕ್ಕಿಲ್ಲದವನು, ಉಂಡೆಯಾ ಎಂದು ಕೇಳುವವರಿಲ್ಲದವನು ಎಂಬುದು ಜಗಲಿಯ ಮೇಲಿನ ಅರ್ಥ. ಮಲೆನಾಡಿನ ಮುದುಕಿಯೊಬ್ಬಳು "ಅಯ್ಯೋ, ಪರದೇಶಿ ಮಗು" ಎಂದು ಮರುಗಿದರೆ ಆ ಮಗು ಲಂಡನ್ನಿನಿಂದ ಬಂದುದೆಂದು ಯಾರೂ ಭಾವಿಸುವುದಿಲ್ಲ. ವಿದ್ಯೆಗಾಗಿ ಕಡಲು ದಾಟಿದ ಹುಡುಗನಿಗೆ ಈ ಎರಡು ಅರ್ಥಗಳೂ ಒಂದೇ ರಾತ್ರಿಯಲ್ಲಿ ತಿಳಿದುಬರುವುವು. ಪೆಟ್ಟಿಗೆಯನ್ನು ಮೂಲೆಗೆ ಸರಿಸಿ, ಬಾಗಿಲು ಹಾಕಿಕೊಂಡು, ಗುರುತಿಲ್ಲದ ಹಾಸಿಗೆಯ ಮೇಲೆ ಕುಳಿತ ಆ ಮೊದಲ ರಾತ್ರಿ ಅವನು ಪರಿಪೂರ್ಣ ಪರದೇಶಿ.

ತೀರ್ಥಹಳ್ಳಿಯ ತಾಲ್ಲೂಕಿಗೆ ಹಿಂದೆ ಕವಲೇದುರ್ಗವೆಂದೇ ಹೆಸರಿತ್ತು. ಭುವನಗಿರಿದುರ್ಗವೆಂದೂ ಕರೆಯಲ್ಪಡುವ ಆ ಬೆಟ್ಟದ ಕೋಟೆಯನ್ನು ಬಲಪಡಿಸಿ, ಅಲ್ಲಿ ಅರಮನೆ, ಅಗ್ರಹಾರ, ಮಹತ್ತಿನ ಮಠಗಳನ್ನು ನೆಲೆಗೊಳಿಸಿದವನು ಕೆಳದಿಯ ವೆಂಕಟಪ್ಪನಾಯಕನು. ಅವನ ಕಾಲದಲ್ಲಿಯೇ, 1623ರಲ್ಲಿ, ಪಿಯೆತ್ರೋ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿಯು ಗೋವೆಯ ಪೋರ್ಚುಗೀಸರ ರಾಯಭಾರಿಯ ಜೊತೆಯಲ್ಲಿ ಘಟ್ಟವನ್ನು ಹತ್ತಿ ಇಕ್ಕೇರಿಗೆ ಬಂದನು. ದಾರಿಯಲ್ಲಿ ಗುಡಿಯೊಂದರ ಜಗಲಿಯ ಮೇಲೆ ಕೆಲವು ಹುಡುಗರು ಸಣ್ಣ ಮರಳನ್ನು ಹರಡಿ, ಬೆರಳಿನಿಂದ ಅಂಕಿಗಳನ್ನು ಬರೆಯುತ್ತ, ರಾಗವಾಗಿ ಹೇಳಿಕೊಳ್ಳುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಕಂಡು ಆತನು ಅದನ್ನು ಬರೆದಿಟ್ಟಿದ್ದಾನೆ. ಆ ದಿನ ಪರದೇಶಿಯಾಗಿದ್ದವನು ಆತ. ಹುಡುಗರು ತಮ್ಮ ಊರಿನಲ್ಲಿದ್ದರು.

ಇಂದು ಕವಲೇದುರ್ಗವನ್ನು ಹತ್ತಿದವರಿಗೆ ಸಿಂಹಾಸನವಾಗಲಿ ಭಂಡಾರವಾಗಲಿ ಕಾಣಿಸದು. ಅರಮನೆಯ ತಳಹದಿಯಲ್ಲಿ ಶೋಧಕರು ಅಗೆದು ತೆಗೆದುದರಲ್ಲಿ ಮನಸ್ಸನ್ನು ಹಿಡಿದು ನಿಲ್ಲಿಸುವಂಥವು ಎರಡೇ: ಐದು ಒಲೆಗಳ ಕಲ್ಲಿನ ಅಡುಗೆಕಟ್ಟೆ, ಸ್ನಾನಕ್ಕೆಂದು ಮಾಡಿದ ಕಲ್ಲಿನ ಹಾಸು. ರಾಜ್ಯವೊಂದು ಅಳಿದ ಮೇಲೆ ಉಳಿದುದು ಅಡುಗೆಮನೆ ಮತ್ತು ಬಚ್ಚಲುಮನೆ! ನಗುವ ಮಾತಲ್ಲ. ಈ ಸೀಮೆಯಿಂದ ಬರ್ಮಿಂಗ್‌ಹ್ಯಾಮಿಗೋ ಬರ್ಲಿನ್ನಿಗೋ ಹೋದ ವಿದ್ಯಾರ್ಥಿಯನ್ನು ಮೊದಲ ವಾರದಲ್ಲಿ ಕಾಡುವುವು ಶಾಸ್ತ್ರವಿಷಯಗಳಲ್ಲ, ಈ ಎರಡೇ.

ಒಂದು ಕಾಲಕ್ಕೆ ಮಲೆನಾಡಿನ ಮನೆಗೆ ಮೈಸೂರೇ ಪರದೇಶವಾಗಿತ್ತು. ಕುಪ್ಪಳಿಯ ಪುಟ್ಟಪ್ಪನವರು ಓದಿಗಾಗಿ ಹೋದುದು ಅಷ್ಟೇ ದೂರ. ಆದರೂ ಅಲ್ಲಿ ರಾಮಕೃಷ್ಣಾಶ್ರಮದ ಆಶ್ರಯವು ದೊರೆತುದು ಅವರ ಬಾಳಿನಲ್ಲಿ ಎಷ್ಟು ದೊಡ್ಡ ಮಾತಾಯಿತೆಂಬುದನ್ನು ಕನ್ನಡ ಓದುಗರು ಬಲ್ಲರು. ಊರು ದೂರವಾದುದು ಮೈಲಿಗಳಿಂದಲ್ಲ; ಕಾಯಿಲೆ ಬಿದ್ದಾಗ ಗಂಜಿ ಕಾಯಿಸಿ ಕೊಡುವವರು ಯಾರೆಂಬುದರಿಂದ. ವಾರಾನ್ನದ ಹುಡುಗನಿಗೆ ಏಳು ಮನೆಗಳಾದರೂ ಇದ್ದುವು. ಕಡಲಾಚೆ ಹೋದವನಿಗೆ ಏಳರಲ್ಲಿ ಒಂದೂ ಇಲ್ಲ.

ಮೊದಲು ಮಳೆಯ ಮಾತು. ಇಂಗ್ಲೆಂಡು ಮಳೆಯ ದೇಶವೆಂದು ಹೆದರಿಸಿ ಕಳುಹಿಸುವವರುಂಟು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೆ ಲಂಡನ್ನಿನಲ್ಲಿ ಬೀಳುವುದು 600ರ ಆಸುಪಾಸು. ಹತ್ತರಲ್ಲಿ ಒಂದು ಪಾಲೂ ಇಲ್ಲ. ಆಷಾಢದ ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ಸಂಕ ದಾಟಿ ಶಾಲೆಗೆ ಹೋದವನಿಗೆ ಅದು ಮಳೆಯಲ್ಲ, ಇಬ್ಬನಿ. ಅವನನ್ನು ಸೋಲಿಸುವುದು ಕತ್ತಲೆ. ಡಿಸೆಂಬರಿನಲ್ಲಿ ಅಲ್ಲಿ ಮಧ್ಯಾಹ್ನ ನಾಲ್ಕು ಗಂಟೆಗೆ ಮೊದಲೇ ಹೊತ್ತು ಮುಳುಗುವುದು. ಊರಿನಲ್ಲಿ ದನಗಳು ಕೊಟ್ಟಿಗೆಗೆ ಮರಳುವ ವೇಳೆಗೆ ತಲೆಯೆತ್ತುವ ಬೇಸರವು ಅಲ್ಲಿ ಹಗಲಿನ ಪಾಠ ಮುಗಿಯುವ ಮುನ್ನವೇ ಬಂದು ಪಕ್ಕದಲ್ಲಿ ಕುಳಿತುಕೊಳ್ಳುವುದು. ಇದನ್ನು ಯಾವ ಪ್ರವಾಸಗ್ರಂಥವೂ ತಕ್ಕಷ್ಟು ಹೇಳುವುದಿಲ್ಲ. ಪ್ರವಾಸಿಗರು ಬಹುಮಟ್ಟಿಗೆ ಬೇಸಗೆಯಲ್ಲಿ ಹೋಗಿಬರುತ್ತಾರೆ.

ಇನ್ನು ಸ್ನಾನ. ಹಂಡೆಯಡಿಯಲ್ಲಿ ಅಡಿಕೆಸಿಪ್ಪೆ ಉರಿಯುತ್ತ, ಹೊಗೆಯೂ ಆವಿಯೂ ತುಂಬಿದ ಬಚ್ಚಲಿನಲ್ಲಿ ಚೊಂಬು ಚೊಂಬು ಬಿಸಿನೀರನ್ನು ಹೊಯ್ದುಕೊಂಡವನಿಗೆ, ಗಾಜಿನ ಗೂಡಿನೊಳಗೆ ನಿಂತು ಜಾಲರಿಯಿಂದ ಉದುರುವ ನೀರಿಗೆ ಮೈಯೊಡ್ಡುವುದು ಸ್ನಾನವೆನಿಸದು. ಹೊರಗೆ ಒಂದು ತೊಟ್ಟು ನೀರು ಚೆಲ್ಲಿದರೆ ಸಹವಾಸಿಗಳ ಆಕ್ಷೇಪಣೆ ಬೇರೆ. ಮೊದಲ ದೀಪಾವಳಿಯಂದು ಎಣ್ಣೆ ಹಚ್ಚಿಕೊಂಡು ಆ ಗೂಡಿನೊಳಗೆ ಕಾಲುಜಾರಿದವರು ಒಬ್ಬಿಬ್ಬರಿರಲಾರರು.

ಅನ್ನದ ಕಥೆ ಇದಕ್ಕಿಂತ ಹಳೆಯದು. 1888ರಲ್ಲಿ ಹದಿನೆಂಟು ವರ್ಷದ ಮೋಹನದಾಸ ಗಾಂಧಿಯವರು ತಾಯಿಗೆ ಮಾಂಸ ಮುಟ್ಟೆನೆಂದು ಮಾತು ಕೊಟ್ಟು, ಜಾತಿಯವರ ಬಹಿಷ್ಕಾರವನ್ನು ಹೊತ್ತು ಲಂಡನ್ನಿಗೆ ಹೋದರು. ಮನೆಯೊಡತಿ ಬಡಿಸಿದ ಎರಡು ಮೂರು ಚೂರು ರೊಟ್ಟಿಯ ಮೇಲೆ ಇನ್ನೊಂದು ಕೇಳಲು ನಾಚಿ ಅರೆಹೊಟ್ಟೆಯಲ್ಲಿ ಎದ್ದ ದಿನಗಳನ್ನು ಅವರೇ ಬರೆದಿದ್ದಾರೆ. ಫ್ಯಾರಿಂಗ್‌ಡನ್ ಬೀದಿಯಲ್ಲಿ ಸಸ್ಯಾಹಾರದ ಭೋಜನಶಾಲೆಯೊಂದು ಕಣ್ಣಿಗೆ ಬಿದ್ದ ದಿನವೇ ಅವರು ಅಲ್ಲಿ ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡುದು. ಈಗ ಅಂತಹ ಹಸಿವಿಲ್ಲ. ಅಕ್ಕಿ, ಬೇಳೆ, ಸಾಸುವೆ, ಕರಿಬೇವು ಎಲ್ಲವೂ ಹಣ ಕೊಟ್ಟರೆ ದೊರೆಯುವುವು. ಆದರೆ ಒಗ್ಗರಣೆಯ ಸಾಸುವೆ ಸಿಡಿದು ಎಣ್ಣೆಯ ಹೊಗೆ ಮೇಲೆದ್ದೊಡನೆಯೇ ಮಾಡಿನಲ್ಲಿ ಅಡಗಿರುವ ಯಂತ್ರವೊಂದು ಮನೆಗೆ ಬೆಂಕಿ ಬಿತ್ತೆಂದು ಕಿರಿಚಿಕೊಳ್ಳುವುದು. ಮಾಳಿಗೆಯ ಮಾಳಿಗೆಯೇ ಚಳಿಯಲ್ಲಿ ಬೀದಿಗಿಳಿದು ನಿಲ್ಲಬೇಕಾಗುವುದು. ಒಂದು ಹುಟ್ಟು ತಿಳಿಸಾರಿಗಾಗಿ ಇಷ್ಟು ಜನರ ನಿದ್ದೆ ಕೆಡಿಸಿದವನು ಮರುದಿನದಿಂದ ಒಗ್ಗರಣೆಯನ್ನೇ ಬಿಡುವನು. ಅಮ್ಮ ಬಟ್ಟೆ ಸುತ್ತಿ ಕಳುಹಿಸಿದ ಮಾವಿನಮಿಡಿಯ ಭರಣಿ ಮಾತ್ರ ಉಳಿಯುವುದು; ಅದನ್ನು ಅವನು ತಿಂಗಳುಗಟ್ಟಲೆ ಲೆಕ್ಕಹಾಕಿ ತೆಗೆಯುವನು. ಜರ್ಮನಿಗೆ ಹೋದವನಾದರೆ ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುವುವೆಂಬುದನ್ನು ಮೊದಲ ಭಾನುವಾರವೇ ಹಸಿದು ಕಲಿಯುವನು.

ಹಣದ ಮಾತು ಬಂದರೆ ನಗು ನಿಲ್ಲುವುದು. ಹಿಂದೆ ಇಂಗ್ಲೆಂಡಿನ ಬಾಡಿಗೆಕೋಣೆಗಳಲ್ಲಿ ಅನಿಲದ ಒಲೆಗೆ ಒಂದು ಮಾಪಕವಿರುತ್ತಿತ್ತು. ಅದರ ಬಾಯಿಗೆ ಷಿಲ್ಲಿಂಗ್ ಹಾಕಿದಷ್ಟು ಹೊತ್ತು ಬೆಂಕಿ, ಮುಗಿದೊಡನೆ ಚಳಿ. ಈಗ ಷಿಲ್ಲಿಂಗು ಹೋಗಿದೆ, ಲೆಕ್ಕ ಹೋಗಿಲ್ಲ. ಜರ್ಮನಿಗೆ ಹೋಗುವ ವಿದ್ಯಾರ್ಥಿಯು ಒಂದು ವರ್ಷದ ಖರ್ಚಿಗೆಂದು ಬ್ಯಾಂಕಿನಲ್ಲಿ ಮೊದಲೇ ಇಟ್ಟು ತೋರಿಸಬೇಕಾದ ಮೊತ್ತವು 2024ರ ಸೆಪ್ಟೆಂಬರಿನಿಂದ 11,904 ಯೂರೋಗಳೆಂದು ಗೊತ್ತಾಗಿದೆ, ತಿಂಗಳಿಗೆ 992. ಬ್ರಿಟನ್ನಿನಲ್ಲಿ ಪದವಿಯ ವಿದ್ಯಾರ್ಥಿಗಳು ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಹೀಗಿರುವಾಗ ಹಣ ಬರುವುದೆಲ್ಲಿಂದ? ಅಡಿಕೆಯ ತೋಟದಿಂದ. ತೋಟದ ಮೇಲೆ ಸಾಲ, ಸಾಲದ ಮೇಲೆ ಬಡ್ಡಿ. ಕೊಳೆರೋಗವೊಂದೇ ಸಾಲದೆಂಬಂತೆ ಈಚಿನ ವರ್ಷಗಳಲ್ಲಿ ತೀರ್ಥಹಳ್ಳಿ ಹೊಸನಗರಗಳ ತೋಟಗಳಿಗೆ ಎಲೆಚುಕ್ಕೆರೋಗವೂ ಬಂದು ಹಿಡಿದಿದೆ. ಅಲ್ಲಿ ಒಂದು ಬಟ್ಟಲು ಕಾಫಿಗೆ ಬೆಲೆ ಕೇಳಿದೊಡನೆಯೇ ಹುಡುಗನ ಮನಸ್ಸು ಅದನ್ನು ರೂಪಾಯಿಗೆ ತಿರುಗಿಸಿ, ರೂಪಾಯಿಯನ್ನು ಅಡಿಕೆಗೆ ತಿರುಗಿಸಿ, ಬಟ್ಟಲನ್ನು ಕೆಳಗಿಡಿಸುವುದು. ಉಳ್ಳವರ ಮಕ್ಕಳಿಗೆ ಈ ಗಣಿತ ಬಾರದು.

ಇವೆಲ್ಲವನ್ನೂ ಮೈ ಒಂದು ಚಳಿಗಾಲದಲ್ಲಿ ಕಲಿತುಬಿಡುವುದು. ಕಲಿಯಲಾರದುದು ನಾಲಗೆ. ಇಂಗ್ಲಿಷು ಬಾರದ ತೊಂದರೆಯಲ್ಲ ಇದು. ಇಂಗ್ಲಿಷನ್ನು ಬಲ್ಲವನಿಗೇ ಇದರ ನೋವು ಹೆಚ್ಚು. ಬೆಳಗಿನಿಂದ ಸಂಜೆಯವರೆಗೆ ತಪ್ಪಿಲ್ಲದೆ ಮಾತನಾಡಿ ಬಂದವನಿಗೆ, ತಾನು ಇಡೀ ದಿನ ಒಂದು ಮಾತನ್ನೂ ಆಡಲಿಲ್ಲವೆಂದು ರಾತ್ರಿ ತೋರುವುದು. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿಯವರು 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಅವರು ಬರೆಯಬೇಕಾಗಿದ್ದುದು 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯವನ್ನು ಕುರಿತ ಪ್ರಬಂಧ. ಅದನ್ನು ಬರೆದು 1966ರಲ್ಲಿ ಡಾಕ್ಟರೇಟ್ ಪಡೆದರು. ಆದರೆ ನಡುವೆ, ಗುರುಗಳಾದ ಮಾಲ್ಕಮ್ ಬ್ರಾಡ್‌ಬರಿಯವರ ಜೊತೆಯಲ್ಲಿ ಸ್ವೀಡನ್ನಿನ ಬರ್ಗ್‌ಮನ್ನನ ಚಲನಚಿತ್ರವೊಂದನ್ನು, ಇಂಗ್ಲಿಷ್ ಅಡಿಬರಹವೂ ಇಲ್ಲದೆ, ನೋಡಿಬಂದರು. ತಿಳಿಯದ ಭಾಷೆಯ ಆ ಚಿತ್ರವು ಅವರೊಳಗಿನ ಮಲೆನಾಡನ್ನು ಎಬ್ಬಿಸಿತು. 'ಸಂಸ್ಕಾರ' ಬರೆಯಲ್ಪಟ್ಟುದು ಆಗ, ಅಚ್ಚಾದುದು 1965ರಲ್ಲಿ. ಅದರ ಅಗ್ರಹಾರಕ್ಕೆ ದೂರ್ವಾಸಪುರವೆಂದು ಹೆಸರು, ಬಾಲ್ಯದಲ್ಲಿ ಅವರು ಸಂಸ್ಕೃತ ಪಾಠಶಾಲೆಗೆ ಹೋದ ಊರಿನದೇ ಹೆಸರು. ಕಾರಖಾನೆಗಳ ಊರಿನಲ್ಲಿ ಕುಳಿತು ತುಂಗಾತೀರದ ಅಗ್ರಹಾರವನ್ನು ಅಷ್ಟು ಸ್ಪಷ್ಟವಾಗಿ ಕಾಣಲು ಕಣ್ಣಿಗಿಂತ ಕಿವಿಯ ಹಸಿವೇ ಹೆಚ್ಚು ನೆರವಾಗಿದ್ದೀತು. ಗಿರೀಶ ಕಾರ್ನಾಡರಿಗೆ ಹೊರಡುವ ಮುನ್ನವೇ ಹೀಗಾಯಿತು: 1960ರಲ್ಲಿ ಆಕ್ಸ್‌ಫರ್ಡಿಗೆ ಹೋಗುವ ಸಿದ್ಧತೆಯಲ್ಲಿದ್ದಾಗ, ಇಂಗ್ಲಿಷ್ ಕವಿಯಾಗಬೇಕೆಂದಿದ್ದ ಅವರು 'ಯಯಾತಿ'ಯನ್ನು ಕನ್ನಡದಲ್ಲಿ ಬರೆದು ತಾವೇ ಆಶ್ಚರ್ಯಪಟ್ಟರು. ತಂದೆಗಾಗಿ ಮಗನು ಯೌವನವನ್ನು ತೆರುವ ಕಥೆ ಅದು.

ಎಲ್ಲರೂ ಕಾದಂಬರಿ ಬರೆಯಲಾರರು. ಉಳಿದವರಿಗೆ ಕನ್ನಡವೆಂದರೆ ದಿನಕ್ಕೊಮ್ಮೆ ಮನೆಯವರೊಡನೆ ಫೋನಿನಲ್ಲಿ ಆಡುವ ನಾಲ್ಕು ಮಾತು. ಹಿಂದೆ ನೀಲಿ ಕಾಗದದ ವಿಮಾನಪತ್ರವು ವಾರಗಟ್ಟಲೆ ದಾರಿಯಲ್ಲಿರುತ್ತಿತ್ತು. ಮಗನ ಜ್ವರ ಬಿಟ್ಟ ಮೇಲೆ ಅದರ ಸುದ್ದಿ ಮನೆಗೆ ಮುಟ್ಟುತ್ತಿತ್ತು. ಅದೂ ಒಂದು ಕರುಣೆಯೇ ಆಗಿತ್ತು. ಈಗ ಮುಖವೇ ಕಾಣುವುದು. ಆದರೆ ಬೆಟ್ಟದ ಬುಡದ ಎಷ್ಟೋ ಮನೆಗಳಿಗೆ ಫೋನಿನ ಅಲೆ ಬಾರದಾದ್ದರಿಂದ ಅಪ್ಪಯ್ಯ ಕೊಡೆ ಹಿಡಿದು ತೋಟದ ಮೇಲಿನ ದಿಬ್ಬಕ್ಕೆ ಹತ್ತಬೇಕು. ಬ್ರಿಟನ್ನಿನಲ್ಲಿ ಅಕ್ಟೋಬರಿನ ಕಡೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ನಾಲ್ಕೂವರೆ ಗಂಟೆಯಿದ್ದ ಅಂತರ ಐದೂವರೆಯಾಗುವುದು. ಅಂದು ದಿಬ್ಬದ ಮೇಲೆ ಒಂದು ಗಂಟೆ ಕಾದು ಬರುವವರು ಅವರೇ.

ಇಷ್ಟು ಸಮೀಪವಾದರೂ ಒಂದು ದೂರ ಉಳಿದೇ ಇದೆ. ಊರಿನಲ್ಲಿ ಸಾವಾದರೆ ವಿಮಾನಕ್ಕೆ ಸ್ಥಳ ದೊರೆತು, ಬೆಂಗಳೂರಿಗೆ ಇಳಿದು, ಅಲ್ಲಿಂದ ರಾತ್ರಿಯೆಲ್ಲ ಪ್ರಯಾಣಮಾಡಿ ತೀರ್ಥಹಳ್ಳಿ ಮುಟ್ಟುವುದರೊಳಗೆ ಎರಡು ದಿನ. ಮಳೆಗಾಲದ ಊರು ಅಷ್ಟು ಕಾಯಲಾರದು. ಚಿತೆಗೆ ಬೆಂಕಿ ಇಡುವುದನ್ನು ಅಂಗೈಯಗಲದ ಗಾಜಿನಲ್ಲಿ ನೋಡಿ, ಆ ಸಾಮಾನ್ಯ ಬಚ್ಚಲಿನಲ್ಲಿ ತಲೆಗೆ ನೀರು ಹಾಕಿಕೊಂಡು, ಮರುದಿನ ಪಾಠಕ್ಕೆ ಹೋಗಿ ಕುಳಿತವರಿದ್ದಾರೆ. ಪಕ್ಕದವನಿಗೆ ಅದನ್ನು ಯಾವ ಭಾಷೆಯಲ್ಲಿ ಹೇಳುವುದು?

ಆದುದರಿಂದಲೇ ಎರಡು ಕಡೆಯವರೂ ಹೆಚ್ಚು ಹೇಳುವುದಿಲ್ಲ. "ಊಟ ಆಯ್ತೇನೋ?" ಎಂದು ಅಮ್ಮ ಕೇಳುತ್ತಾಳೆ. "ಆಯ್ತಮ್ಮ" ಎನ್ನುತ್ತಾನೆ; ಅಕ್ಕಿಯನ್ನಿನ್ನೂ ತೊಳೆದಿರುವುದಿಲ್ಲ. "ಅಪ್ಪಯ್ಯ ಎಲ್ಲಿ?" ಎಂದರೆ "ತೋಟಕ್ಕೆ ಹೋಗಿದಾರೆ" ಎನ್ನುತ್ತಾಳೆ. ಮೂರು ದಿನದ ಹಿಂದೆ ದಿಬ್ಬವಿಳಿಯುವಾಗ ಜಾರಿಬಿದ್ದ ಅಪ್ಪಯ್ಯ, ಕಾಲಿಗೆ ಕಟ್ಟು ಹಾಕಿಸಿಕೊಂಡು ಒಳಗಿನ ಕೋಣೆಯಲ್ಲಿ ಮಲಗಿದ್ದಾರೆ. ಅಮ್ಮ ಒಬ್ಬಳೇ ಬ್ಯಾಟರಿ ಹಿಡಿದು ದಿಬ್ಬ ಹತ್ತಿ ಬಂದಿದ್ದಾಳೆ. "ಅಲ್ಲಿ ಚಳಿಯೇನೋ?" ಎಂದು ಕೇಳುತ್ತಾಳೆ. "ಏನಿಲ್ಲಮ್ಮ, ನಮ್ಮೂರಿನ ಹಾಗೇ" ಎನ್ನುತ್ತಾನೆ.